ಮುಖಂಡನ ವಾಸನೆ

ಜುಲೈ 6, ಭಾನುವಾರ

ಇವತ್ತಿನಿಂದ ನಮ್ಮ ಮನೆ ಯಾರ ಹಂಗಿನಲ್ಲೂ ಇಲ್ಲ. ಹಾಗೆಂದು ಅಪ್ಪ ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ಹೇಳಿದರು. ಕೇಳಲು ಅಮ್ಮ, ಅಜ್ಜಿ, ನಾನು ಇದ್ದೆವು. ಜೊತೆಗೆ ಹೊಸದಾಗಿ ಬಂದ ಎರಡು ಮೇಕೆ, ಒಂದು ಹೋತ, ಒಂದಿಷ್ಟು ಕೋಳಿ, ಒಂದು ಜೋಡಿ ಮೊಲ. ಭಾಷಣದ ನಡುವೆಯೇ ಮೇಕೆಗಳು ಹಿಕ್ಕೆ ಹಾಕಿದವು. ಅಪ್ಪ ಮಾತು ನಿಲ್ಲಿಸದೆ ಅದನ್ನೂ ಗೊಬ್ಬರದ ಲೆಕ್ಕಕ್ಕೆ ಸೇರಿಸಿಕೊಂಡರು.

ಅಪ್ಪ ಇಷ್ಟು ವರ್ಷ ಕಚೇರಿಯಲ್ಲಿ ಬೇರೆಯವರ ಕಾಗದದ ಮೇಲೆ ಮೊಹರು ಒತ್ತಿ, ಹೋದ ತಿಂಗಳು ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು. ಫೋನಿನಲ್ಲಿ ಯಾರೋ ಗಡ್ಡದ ಮಹನೀಯರ ಮಾತು ಕೇಳುತ್ತಿರುತ್ತಾರೆ. ಅಂಗಡಿಯ ಮೆಟ್ಟಿಲು ಹತ್ತದೆ ಬದುಕುವವನೇ ಮನುಷ್ಯ ಎಂದು ಅವರು ಹೇಳಿದ್ದಾರಂತೆ. ಆ ಮಹನೀಯರು ಮಾತಾಡುವ ಫೋನನ್ನು ಯಾವ ಗಿಡದಿಂದ ಕಿತ್ತರು ಎಂದು ಕೇಳಬೇಕೆಂದಿದ್ದೆ. ಅಮ್ಮ ಕಣ್ಣು ಬಿಟ್ಟಳು.

ನಿಯಮ ಇಷ್ಟೇ. ಹಾಲು, ಮೊಟ್ಟೆ, ತರಕಾರಿ ಅಂಗಡಿಯಿಂದ ಮನೆಯೊಳಗೆ ಬರಕೂಡದು. ನವೆಂಬರಿನ ಮೊದಲ ಭಾನುವಾರ ಅಪ್ಪ ಹಳೆಯ ಕಚೇರಿಯವರನ್ನೂ ಬೀದಿಯವರನ್ನೂ ಹಿತ್ತಿಲಿಗೆ ಕರೆದು ನಮ್ಮದೇ ಹಾಲು ಕುಡಿಸುತ್ತಾರೆ.

ಇದರೊಳಗೆ ನನ್ನದೂ ಒಂದು ಒಪ್ಪಂದವಿದೆ. ಅಲ್ಲಿಯ ತನಕ ಮನೆ ತನ್ನ ಹಾಲಿನ ಮೇಲೆ ನಡೆದರೆ ನಾನು ಶಾಲೆಗೆ ಹೋಗಬೇಕಿಲ್ಲ, ಮೇಕೆ ನೋಡಿಕೊಂಡು ಇರಬಹುದು. ನಡೆಯದಿದ್ದರೆ ಹೆಡ್‌ಮೇಷ್ಟ್ರ ಮುಂದೆ ನಿಂತು ತಪ್ಪಾಯಿತು ಎಂದು ಹೇಳಿ ಮತ್ತೆ ಹತ್ತನೆಯ ತರಗತಿಯಲ್ಲಿ ಕೂರಬೇಕು. ನಾನು ಒಪ್ಪಿದ್ದೇನೆ. ಒಪ್ಪಿದ ಮೇಲೆ ಮುಗಿಯಿತು.

ನನ್ನ ತಪ್ಪು ಏನೆಂದು ನನಗೆ ಇನ್ನೂ ತಿಳಿದಿಲ್ಲ. ತಪಾಸಣೆಯ ದಿನ ಸಾಹೇಬರು ನಮ್ಮ ಪ್ರಯೋಗಶಾಲೆಯ ಸೀಸೆಗಳನ್ನು ತೋರಿಸಿ, ಇವುಗಳಲ್ಲಿ ಯಾವ ಯಾವ ಪ್ರಯೋಗ ಮಾಡಿದ್ದೀಯಮ್ಮ ಎಂದು ನನ್ನನ್ನು ಕೇಳಿದರು. ಇವನ್ನು ಇವತ್ತೇ ನೋಡಿದ್ದು, ಪಕ್ಕದ ಶಾಲೆಯಿಂದ ಬಂದಿವೆ, ಸಂಜೆ ವ್ಯಾನಿನಲ್ಲಿ ವಾಪಸ್ಸು ಹೋಗುತ್ತವೆ ಎಂದೆ. ಕೇಳಿದ್ದರು, ಹೇಳಿದೆ. ಹೆಡ್‌ಮೇಷ್ಟ್ರು, ತಪ್ಪಾಯಿತು ಅನ್ನುವ ತನಕ ಶಾಲೆಗೆ ಬರಬೇಡ ಎಂದರು. ನಾನು ಹೋಗಲಿಲ್ಲ. ಅಪ್ಪ ಅವತ್ತು ಹೇಳಿದ್ದು ಒಂದೇ ಮಾತು: "ಸುಮ್ನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ನನಗೆ ಮೇಕೆಯೂ ಬೇಡ, ಶಾಲೆಯೂ ಬೇಡ. ಎರಡರಲ್ಲಿ ಮೇಕೆ ತುಸು ಕಡಿಮೆ ಬೇಡ.

ಜುಲೈ 9, ಬುಧವಾರ

ಅಪ್ಪ ಹೆಸರಿಟ್ಟರು. ಹಾಲು ಕೊಡುವ ದೊಡ್ಡದಕ್ಕೆ ಸಮೃದ್ಧಿ, ಗಬ್ಬದ ಚಿಕ್ಕದಕ್ಕೆ ತೃಪ್ತಿ, ಹೋತಕ್ಕೆ ಮುಖಂಡ. ನಾನು ದೊಡ್ಡದು, ಚಿಕ್ಕದು, ಗಡ್ಡದ್ದು ಅನ್ನುತ್ತೇನೆ. ಅವು ಯಾವುದಕ್ಕೂ ತಿರುಗಿ ನೋಡುವುದಿಲ್ಲ. ಹಿಂಡಿ ಡಬ್ಬದ ಸದ್ದಿಗೆ ಮಾತ್ರ ತಿರುಗುತ್ತವೆ.

ಹೋತ ಯಾಕೆ, ಬೇಕಾದಾಗ ಯಾರದ್ದಾದರೂ ಹಿಡಿದುಕೊಂಡು ಬಂದರಾಗದೇ ಎಂದು ಅಜ್ಜಿ ಕೇಳಿದಳು. ಆ ವಿಷಯಕ್ಕೂ ಇನ್ನೊಬ್ಬರ ಬಾಗಿಲಿಗೆ ಹೋಗುವುದಾದರೆ ಸ್ವಾವಲಂಬನೆ ಎಲ್ಲಿ ಬಂತು ಎಂದರು ಅಪ್ಪ. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು.

ಗಡ್ಡದ್ದಕ್ಕೆ ಎದೆಯ ತನಕ ಇಳಿಯುವ ಗಡ್ಡ. ಅದರ ಮೇಲೆ ತಾನೇ ಉಚ್ಚೆ ಹೊಯ್ದುಕೊಳ್ಳುತ್ತದೆ. ಹೆಣ್ಣುಗಳಿಗೆ ಆ ವಾಸನೆ ಇಷ್ಟವಂತೆ. ಅಪ್ಪನೂ ಗಡ್ಡ ಬಿಡುತ್ತಿದ್ದಾರೆ, ಬ್ಲೇಡು ಅಂಗಡಿಯದ್ದಲ್ಲವೇ. ಅಪ್ಪನ ಗಡ್ಡ ಸ್ವಚ್ಛವಾಗಿದೆ, ಅಷ್ಟು ನ್ಯಾಯ ಹೇಳಬೇಕು.

ಮೊದಲ ದಿನ ಕರೆಯಲು ಅಪ್ಪನೇ ಕೂತರು. ದೊಡ್ಡದು ಒದ್ದಿತು. ಪಾತ್ರೆ ಒಂದು ಕಡೆ, ಕನ್ನಡಕ ಒಂದು ಕಡೆ. ಆಮೇಲೆ ಅಪ್ಪ, ನಾನು ಯೋಜನೆ ನೋಡಿಕೊಳ್ಳುತ್ತೇನೆ, ನೀನು ಕೆಲಸ ನೋಡಿಕೋ ಎಂದರು. ಒಂದು ಕಡೆ ಕೂರುವುದೇ ನನ್ನ ಜಾತಕದಲ್ಲಿಲ್ಲ ಅನ್ನುತ್ತಾಳೆ ಅಜ್ಜಿ. ಈಗ ದಿನಕ್ಕೆರಡು ಸಲ ಮಣೆ ಹಾಕಿಕೊಂಡು ಮೇಕೆಯ ಹಿಂದೆ ಕೂರುವುದು ನನ್ನ ಪಾಲು. ಬೆರಳು ಬಾತಿವೆ.

ಜುಲೈ 21, ಸೋಮವಾರ

ಹಾಲು ನಾರುತ್ತದೆ.

ಬರೆಯುವಾಗ ಮೆತ್ತಗೆ ಬರೆಯಬೇಕಾದ ಅಗತ್ಯವಿಲ್ಲ. ಒದ್ದೆ ಗೋಣಿಚೀಲವನ್ನು ಒಂದು ವಾರ ಮುಚ್ಚಿಟ್ಟು ಬಾಯಿ ಬಿಚ್ಚಿದ ಹಾಗೆ ನಾರುತ್ತದೆ. ಚಹಾಕ್ಕೆ ಹಾಕಿದರೆ ಚಹಾ ನಾರುತ್ತದೆ. ಮೊಸರು ಮಾಡಿದರೆ ಮೊಸರು ಇನ್ನೂ ಮುಂದೆ ಹೋಗುತ್ತದೆ.

ಅಪ್ಪ ಲೋಟ ಎತ್ತಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಅಮೃತ ಎಂದರು. ಕಣ್ಣು ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮನನ್ನು ಕೇಳಿದರು. ಚೆನ್ನಾಗಿದೆ, ಗಟ್ಟಿಯಾಗಿದೆ ಎಂದಳು. ಅಜ್ಜಿಯನ್ನು ಕೇಳಿದರು. ನನ್ನ ವಯಸ್ಸಿಗೆ ಮೂಗೇ ಸರಿಯಿಲ್ಲಪ್ಪ ಎಂದು ತಪ್ಪಿಸಿಕೊಂಡಳು. ನನ್ನನ್ನು ಕೇಳಲು ಬಾಯಿ ತೆರೆದು, ಏನೋ ಯೋಚಿಸಿ, ಮುಚ್ಚಿಕೊಂಡರು.

ಕೇಳದಿದ್ದರೂ ಹೇಳಿದೆ. ಕಡ್ಡಿ ಮುರಿದ ಹಾಗೆ ಮಾತಾಡುತ್ತೇನೆಂದು ಶಾಲೆಯಲ್ಲಿ ಕಡ್ಡಿ ಎಂದು ಹೆಸರಿಟ್ಟಿದ್ದರು. ಈಗ ಮನೆಯಲ್ಲೂ ಅದೇ ನಡೆಯುತ್ತಿದೆ. ಅಪ್ಪ, ಕಡ್ಡಿಯ ನಾಲಿಗೆ ಅಂಗಡಿ ಹಾಲಿಗೆ ಒಗ್ಗಿ ಕೆಟ್ಟಿದೆ ಎಂದರು.

ಆಗಸ್ಟ್ 3, ಭಾನುವಾರ

ಮೊಲಗಳು ಗೊಬ್ಬರಕ್ಕೆಂದು ಬಂದಿದ್ದವು. ಇದ್ದ ತರಕಾರಿ ಸಸಿಯನ್ನೆಲ್ಲ ತಿಂದು ಈಗ ಯಥೇಚ್ಛವಾಗಿ ಗೊಬ್ಬರ ಕೊಡುತ್ತಿವೆ. ಹಾಕಲು ಗಿಡವಿಲ್ಲ.

ಕೋಳಿಗಳದ್ದು ಇನ್ನೊಂದು ವಿಚಿತ್ರ. ಇಷ್ಟು ದಿನ ಒಂದೂ ಮೊಟ್ಟೆ ಇಟ್ಟಿರಲಿಲ್ಲ. ಇವತ್ತು ಗೂಡಿನಲ್ಲಿ ಮೂರು. ಅಪ್ಪ ಕುಣಿಯುವುದೊಂದು ಬಾಕಿ. ನಾನು ಎತ್ತಿಕೊಂಡಾಗ ಮೊಟ್ಟೆ ತಣ್ಣಗಿತ್ತು. ತಣ್ಣಗೆ ಅಂದರೆ ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗೆ, ಮೇಲೆ ನೀರು ಬೆವರುತ್ತಿತ್ತು. ಅಜ್ಜಿ ದೂರದಿಂದ ನನ್ನನ್ನೇ ನೋಡುತ್ತಿದ್ದಳು. ಅಪ್ಪ ಅಜ್ಜಿಯ ಒಬ್ಬನೇ ಮಗ.

ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದೆ ಇದ್ದದ್ದು ಒಳ್ಳೆಯದಾಯಿತು ಎಂದು ನನಗೆ ಅನ್ನಿಸಿದ್ದು ನನಗೇ ಹಿಡಿಸಲಿಲ್ಲ.

ಆಗಸ್ಟ್ 14, ಗುರುವಾರ

ಉಪ್ಪು ತರಲು ಬೀದಿ ಕೊನೆಯ ಅಂಗಡಿಗೆ ಹೋದೆ. ಉಪ್ಪಿಗೆ ವಿನಾಯಿತಿ ಇದೆ, ಹಿತ್ತಿಲಲ್ಲಿ ಸಮುದ್ರ ಇಲ್ಲದ ಕಾರಣ. ಹಾಗೆಯೇ ಸಕ್ಕರೆ, ಸೋಪು, ಬೆಂಕಿಪೊಟ್ಟಣ, ಚಹಾಪುಡಿಗೂ ಸಿಕ್ಕಿದೆ. ಮೊನ್ನೆ ಬಿಸ್ಕತ್ತಿಗೂ ಸಿಕ್ಕಿತು. ಅದರ ಕಾರಣ ನನಗೆ ಪೂರ್ತಿ ಅರ್ಥವಾಗಲಿಲ್ಲ.

ಅಂಗಡಿಯಣ್ಣ ಉಪ್ಪು ಕಟ್ಟುತ್ತಾ ನಗುತ್ತಿದ್ದ. ಯಾಕಣ್ಣ ಎಂದೆ.

"ಏನಿಲ್ಲಮ್ಮ. ನಿಮ್ಮನೆಯವರು ಸ್ವಾವಲಂಬಿ ಆದಾಗಿಂದ ನಂಗೆ ವ್ಯಾಪಾರ ಜಾಸ್ತಿ ಆಗಿದೆ. ಮೊದಲು ನಿಮ್ಮಮ್ಮ ಒಬ್ರೇ ಹಾಲು ತಗೊಂಡು ಹೋಗ್ತಿದ್ರು. ಈಗ ಮೂರು ಜನ ಬೇರೆ ಬೇರೆ ಬರ್ತಾರೆ."

ಅಜ್ಜಿ ನಡೆದಾಡುವ ನೆಪದಲ್ಲಿ ಬೆಳಿಗ್ಗೆ ಬರುತ್ತಾಳಂತೆ. ಅಮ್ಮ ಹೊಲಿದ ಬಟ್ಟೆ ಕೊಡಲು ಹೋಗುವಾಗ ಚೀಲದ ತಳದಲ್ಲಿ ಇಟ್ಟುಕೊಳ್ಳುತ್ತಾಳಂತೆ. ಮೂರನೆಯವರು ಅಂಗಡಿಯ ಹಿಂಬಾಗಿಲಿನಿಂದ ಬಂದು ಅಲ್ಲೇ ನಿಂತು ಕುಡಿದು, ಗಡ್ಡ ಒರೆಸಿಕೊಂಡು ಹೋಗುತ್ತಾರಂತೆ. ಒಬ್ಬರದ್ದು ಇನ್ನೊಬ್ಬರಿಗೆ ಹೇಳಬಾರದೆಂದು ಮೂವರೂ ಅವನಿಂದ ಮಾತು ತೆಗೆದುಕೊಂಡಿದ್ದಾರೆ. ನನ್ನ ಹೆಸರು ಯಾರೂ ಹೇಳಿರಲಿಲ್ಲವಾದ್ದರಿಂದ ನನಗೆ ಹೇಳಿದ.

ಉಪ್ಪಿನ ಪೊಟ್ಟಣ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಒಪ್ಪಂದದ ಪ್ರಕಾರ ಮನೆ ತನ್ನ ಹಾಲಿನ ಮೇಲೆ ನಡೆಯುತ್ತಿಲ್ಲ. ಅಂದರೆ ನಾನು ಸೋತಿದ್ದೇನೆ. ಇದು ಗೊತ್ತಿರುವುದು ನನಗೆ ಮತ್ತು ಅಂಗಡಿಯಣ್ಣನಿಗೆ.

ಯಾರಾದರೂ ಕೇಳಿದರೆ ಹೇಳುತ್ತೇನೆ. ಕೇಳುವ ತನಕ ಮೇಕೆ ನೋಡಿಕೊಳ್ಳುತ್ತೇನೆ.

ಸೆಪ್ಟೆಂಬರ್ 2, ಮಂಗಳವಾರ

ಚಿಕ್ಕದು ಮರಿ ಹಾಕಿತು. ಎರಡು.

ಬೆಳಿಗ್ಗೆ ಸೊಪ್ಪು ಹಾಕಿದರೆ ಮೂಸಲಿಲ್ಲ. ನೆಲ ಕೆರೆಯುವುದು, ಮಲಗುವುದು, ಏಳುವುದು. ಹಿಂತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು, ಒಳಗೆ ಯಾರೋ ಕರೆದ ಹಾಗೆ. ಅಪ್ಪನನ್ನು ಕೂಗಿದೆ. ಅಪ್ಪ ಫೋನು ತೆರೆದು, ಹೆರಿಗೆಯ ಬಗ್ಗೆ ಗಡ್ಡದ ಮಹನೀಯರು ಏನು ಹೇಳಿದ್ದಾರೆಂದು ಹುಡುಕಲು ಶುರುಮಾಡಿದರು. ಅವರು ಪ್ರಕೃತಿಯನ್ನು ನಂಬಿ ಎಂದರು, ಆಮೇಲೆ ಜಾಹೀರಾತು ಬಂತು.

ಪಶುವೈದ್ಯೆಗೆ ಫೋನು ಮಾಡಿದೆ. ಅವರು ಇನ್ನೊಂದು ಕಡೆ ಹಸುವಿನ ಹತ್ತಿರ ಇದ್ದರು. ಕಾಲು ಕಾಣ್ತಿದೆಯಾ, ಎಷ್ಟು, ಮೂತಿ ಕಾಣ್ತಿದೆಯಾ ಎಂದು ಕೇಳುತ್ತಾ ಹೋದರು. ಎರಡು ಕಾಲು, ನಡುವೆ ಮೂತಿ. ಹಾಗಾದರೆ ನೀನು ಏನೂ ಮಾಡಬೇಡ, ಅವಳ ಪಕ್ಕ ಕೂತ್ಕೋ ಎಂದರು. ಕೂತೆ. ಏನೂ ಮಾಡದೆ ಕೂರುವುದು ನನಗೆ ಯಾವತ್ತೂ ಬಂದಿಲ್ಲ. ಇವತ್ತು ಬಂತು, ಯಾಕೆಂದರೆ ಅವಳು ತಲೆಯನ್ನು ನನ್ನ ತೊಡೆಯ ಮೇಲಿಟ್ಟಿದ್ದಳು, ಏಳುವ ಹಾಗಿರಲಿಲ್ಲ.

ಮೊದಲನೆಯದು ಗಂಡು, ಜಾರಿ ಬಂತು. ಎರಡನೆಯದು ಹೆಣ್ಣು. ಅದು ಉಸಿರಾಡಲಿಲ್ಲ. ಫೋನಿನಲ್ಲಿ ಹೇಳಿದ ಹಾಗೆ ಮೂಗಿನ ಲೋಳೆ ತೆಗೆದು, ಗೋಣಿಯಲ್ಲಿ ಮೈ ಗಸಗಸ ತಿಕ್ಕಿದೆ, ಹುಲ್ಲುಕಡ್ಡಿಯಿಂದ ಮೂಗು ಕೆಣಕಿದೆ. ಸೀನಿತು. ಸೀನಿದ್ದಕ್ಕೆ ಇಷ್ಟು ಸಂತೋಷ ಆಗಬಹುದೆಂದು ಗೊತ್ತಿರಲಿಲ್ಲ.

ಅಪ್ಪ ಬಾಗಿಲಲ್ಲೇ ನಿಂತಿದ್ದರು. ಹೆಣ್ಣುಮರಿಗೆ ಪ್ರಗತಿ ಎಂದು ಹೆಸರಿಟ್ಟು, ಇವತ್ತಿನಿಂದ ಹಾಲು ಎರಡು ಪಟ್ಟು ಎಂದರು. ಮೊದಲು ಮರಿಗಳು ಕುಡಿಯಲಿ, ಉಳಿದದ್ದು ಆಮೇಲೆ ಎಂದೆ. ಗಟ್ಟಿಯಾಗಿಯೇ ಅಂದೆ ಅನ್ನಿಸುತ್ತದೆ. ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

ಮಧ್ಯಾಹ್ನ ಪಶುವೈದ್ಯೆ ಬಂದು ನೋಡಿ, ಯಾರು ಇವನ್ನ ನೋಡಿಕೊಳ್ಳುವುದು ಎಂದು ಕೇಳಿದರು. ಅಪ್ಪ ಸ್ವಾವಲಂಬನೆಯ ಬಗ್ಗೆ ಹೇಳತೊಡಗಿದರು. ಅವರು ಕೊನೆಯ ತನಕ ಕೇಳಿ, ಸರಿ, ಹೊಕ್ಕುಳಿಗೆ ಔಷಧಿ ಹಚ್ಚಿದ್ದು ಯಾರು ಎಂದರು. ನಾನು ಎಂದೆ. ಆಮೇಲೆ ಅಪ್ಪನ ಕಡೆ ತಿರುಗಲೇ ಇಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಅಪ್ಪ ನವೆಂಬರಿನ ಸಮಾರಂಭಕ್ಕೆ ಭಾಷಣ ಬರೆದು, ಹಿತ್ತಿಲ ಕುರ್ಚಿಯ ಮೇಲಿಟ್ಟು, ಚಹಾ ಕುಡಿಯಲು ಒಳಗೆ ಹೋದರು. ಮುಖಂಡ ಹಗ್ಗ ಕಿತ್ತುಕೊಂಡು ಬಂದು ಅಷ್ಟೂ ಹಾಳೆ ತಿಂದಿತು. ಮೊದಲ ಪುಟದಿಂದ ಕೊನೆಯ ಪುಟದ ತನಕ ಆ ಭಾಷಣವನ್ನು ಪೂರ್ತಿ ಅರಗಿಸಿಕೊಂಡದ್ದು ಅದೊಂದೇ ಆಗಬಹುದು.

ಅಪ್ಪನಿಗೆ ವಿಪರೀತ ಸಿಟ್ಟು. ಮುಖಂಡನನ್ನು ಹಿತ್ತಿಲ ತುದಿಗೆ, ನೀರಿನ ಟ್ಯಾಂಕಿನ ಆಚೆ ಗಡೀಪಾರು ಮಾಡಿದರು. ಇಲ್ಲಿಯ ತನಕ ಎಲ್ಲವೂ ಹಳೆಯ ಕಾರಿನ ಶೆಡ್ಡಿನಲ್ಲಿ ಒಟ್ಟಿಗೆ ಇದ್ದವು. ಕುಟುಂಬವನ್ನು ಒಡೆಯಬಾರದು ಎಂಬುದು ಅಪ್ಪನ ಸಿದ್ಧಾಂತವಾಗಿತ್ತು. ಭಾಷಣ ತಿಂದವರಿಗೆ ಸಿದ್ಧಾಂತ ಅನ್ವಯಿಸುವುದಿಲ್ಲ.

ಸೆಪ್ಟೆಂಬರ್ 24, ಬುಧವಾರ

ಹಾಲು ನಾರುತ್ತಿಲ್ಲ.

ನಿನ್ನೆಯಿಂದ ಅನುಮಾನ. ಇವತ್ತು ಬೆಳಿಗ್ಗೆ ಕರೆದದ್ದನ್ನು ಬಿಸಿ ಮಾಡದೆ ಕುಡಿದೆ. ಏನೂ ಇಲ್ಲ. ಹಾಲಿನ ರುಚಿ ಬಿಟ್ಟರೆ ಬೇರೆ ಏನೂ ಇಲ್ಲ.

ಅಕ್ಟೋಬರ್ 4, ಶನಿವಾರ

ಏನು ಬದಲಾಗಿತ್ತೆಂದು ಯೋಚಿಸಿದೆ. ಮುಖಂಡ ದೂರ ಹೋದದ್ದು ಒಂದು. ಅದೇ ವಾರ ಸೊಪ್ಪು ಬೇರೆ ಕಡೆಯಿಂದ ಕುಯ್ದಿದ್ದೆ. ಪಾತ್ರೆಯನ್ನೂ ಬಿಸಿಲಿಗೆ ಇಡಲು ಶುರುಮಾಡಿದ್ದೆ. ಯಾವುದರಿಂದ ಏನಾಯಿತೆಂದು ಹೇಗೆ ಹೇಳುವುದು? ಹಳೆಯ ಸೊಪ್ಪನ್ನೇ ಮತ್ತೆ ಹಾಕಿದೆ, ಹಾಲು ಚೆನ್ನಾಗಿಯೇ ಇತ್ತು. ಪಾತ್ರೆಯನ್ನು ಬಿಸಿಲಿಗೆ ಇಡದೆ ನೋಡಿದೆ, ಆಗಲೂ ಚೆನ್ನಾಗಿತ್ತು. ಆಮೇಲೆ ಮುಖಂಡನನ್ನು ತಂದು ಶೆಡ್ಡಿನಲ್ಲಿ ಹಳೆಯ ಜಾಗಕ್ಕೆ ಕಟ್ಟಿದೆ. ಮಾರನೆಯ ದಿನವೇ ಗೋಣಿಚೀಲ! ಮತ್ತೆ ದೂರ ಕಟ್ಟಿದೆ. ಹೋಯಿತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಇಲ್ಲದಿದ್ದರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ.

ಅಜ್ಜಿಗೆ ಏನೂ ಹೇಳದೆ ಒಂದು ಲೋಟ ಕೊಟ್ಟೆ. ಕುಡಿದು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು: "ನೀನೂ ಅಂಗಡಿಗೆ ಹೋಗೋಕೆ ಶುರು ಮಾಡಿದೆಯಾ?"

ಸಮೃದ್ಧಿಯದ್ದು ಎಂದೆ. ನಂಬಲಿಲ್ಲ. ಕೈ ಹಿಡಿದು ಶೆಡ್ಡಿಗೆ ಕರೆದುಕೊಂಡು ಹೋಗಿ, ಎದುರಿಗೇ ಕರೆದು ಕೊಟ್ಟೆ. ಅಜ್ಜಿ ಇನ್ನೊಂದು ಲೋಟ ಕುಡಿದಳು. ಅಮ್ಮನೂ ಕುಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದರು. ನೀನು ಎಷ್ಟು ದಿನದಿಂದ ಅಂಗಡಿಗೆ, ನೀವು ಎಷ್ಟು ದಿನದಿಂದ ಎಂದು ಪರಸ್ಪರ ಕೇಳಿಕೊಂಡರು. ಅಪ್ಪನಿಗೆ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಇಬ್ಬರೂ ನನಗೆ ಹೇಳಿದರು.

ಕೋಳಿಗಳೂ ಈಗ ಇಡುತ್ತಿವೆ. ಮೊಟ್ಟೆ ಬೆಚ್ಚಗಿರುತ್ತದೆ.

ಅಕ್ಟೋಬರ್ 11, ಶನಿವಾರ

ಅಪ್ಪನಿಗೆ ಹೇಳಿದೆ. ಅಂಗಡಿಯ ಸಂಗತಿಯಲ್ಲ, ಹಾಲಿನ ಸಂಗತಿ. ಹೋತದ ವಾಸನೆ ಹಾಲಿಗೆ ಹತ್ತುತ್ತಿತ್ತು, ದೂರ ಕಟ್ಟಿದ ಮೇಲೆ ಸರಿಹೋಗಿದೆ, ಕುಡಿದು ನೋಡಿ ಎಂದೆ.

"ಸರಿಹೋಗೋಕೆ ಮೊದಲೇನು ಕೆಟ್ಟಿತ್ತು?" ಎಂದರು.

ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆಂದು ನನಗೆ ಆಗ ಗೊತ್ತಾಯಿತು. ಇಷ್ಟು ದಿನ ಅಮೃತ ಅಂದಿದ್ದಾರೆ. ಅಮೃತ ಇನ್ನೂ ಚೆನ್ನಾಗಲು ಬರುವುದಿಲ್ಲ. ನಾರುತ್ತಿತ್ತು ಎಂದು ಒಪ್ಪಿದರೆ ಮಾತ್ರ ಈಗ ನಾರುತ್ತಿಲ್ಲ ಎಂದು ಒಪ್ಪಬಹುದು. ಲೋಟ ಕೊಟ್ಟೆ. ಆಮೇಲೆ ಕುಡಿಯುತ್ತೇನೆ ಎಂದು ಕಿಟಕಿಯ ಹತ್ತಿರ ಹೋದರು. ಕಿಟಕಿಯ ಕುಂಡದ ಗಿಡ ಸತ್ತು ಬಹಳ ದಿನವಾಗಿದೆ. ಅದಕ್ಕೆ ಇವತ್ತು ಮೊದಲ ಬಾರಿ ಒಳ್ಳೆಯ ಹಾಲು ಸಿಕ್ಕಿತು.

ಅಕ್ಟೋಬರ್ 25, ಶನಿವಾರ

ಅಪ್ಪ ಹೆಡ್‌ಮೇಷ್ಟ್ರನ್ನೂ ಕರೆದಿದ್ದಾರೆ. ಅವರ ಎದುರು ಒಂದು ಸಲ ತಲೆ ಎತ್ತಿ ನಿಲ್ಲಬೇಕು ಎಂದು ಅಮ್ಮನ ಹತ್ತಿರ ಹೇಳುತ್ತಿದ್ದುದು ಕೇಳಿಸಿತು. ನನ್ನ ದೆಸೆಯಿಂದ ತಲೆ ತಗ್ಗಿಸಿದ್ದರು ಅಂತ ಅರ್ಥ.

ಪ್ರಗತಿಗೆ ಇವತ್ತು ಮೊದಲ ಸಲ ಹುಲ್ಲು ಮೆಲುಕು ಹಾಕಲು ಬಂತು. ಯಾರೋ ದೊಡ್ಡವರ ಹಾಗೆ ದವಡೆ ಆಡಿಸುತ್ತಾ ಕೂತಿದ್ದಳು.

ನವೆಂಬರ್ 2, ಭಾನುವಾರ

ಎಲ್ಲವನ್ನೂ ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಸಮೃದ್ಧಿ, ತೃಪ್ತಿ ಇಬ್ಬರನ್ನೂ ಕರೆದೆ. ಬೇಕಾದಷ್ಟು ಹಾಲಾಯಿತು. ಕಾಯಿಸಿ ಅಡುಗೆಮನೆಯಲ್ಲಿ ಸ್ಟೀಲ್ ಪಾತ್ರೆಯಲ್ಲಿಟ್ಟು, ಮರಿಗಳನ್ನು ನೋಡಲು ಶೆಡ್ಡಿಗೆ ಹೋದೆ. ಪ್ರಗತಿ ಏನೋ ಅಗಿಯುತ್ತಿದ್ದಳು. ಬಾಯಿಗೆ ಬೆರಳು ಹಾಕಿ ಎಳೆದೆ. ಪ್ಲಾಸ್ಟಿಕ್ಕು. ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ. ಹುಲ್ಲಿನ ಅಡಿಯಲ್ಲಿ ಇನ್ನಷ್ಟು ಇದ್ದವು, ಪ್ಯಾಕೆಟ್ಟುಗಳೂ ಇದ್ದವು. ಜುಲೈನಿಂದ ಮೊಳೆಗೆ ನೇತುಹಾಕಿದ್ದ ಹಳೆಯ ಪ್ಲಾಸ್ಟಿಕ್ ಕ್ಯಾನು ಇರಲಿಲ್ಲ.

ಹಿತ್ತಿಲಿಗೆ ಬಂದರೆ ಆಗಲೇ ಜನ ಕುರ್ಚಿಗಳಲ್ಲಿ ಕೂತಿದ್ದರು. ಅಪ್ಪ ಅದೇ ಕ್ಯಾನಿನಿಂದ ಲೋಟಗಳಿಗೆ ಹಾಲು ಬಗ್ಗಿಸುತ್ತಿದ್ದರು. ಬಿಸಿ ಹಾಲು. ಹತ್ತಿರ ಹೋಗುವ ಮೊದಲೇ ಮುಖಂಡನ ವಾಸನೆ ಬಂತು. ಮುಖಂಡ ಟ್ಯಾಂಕಿನ ಆಚೆ ಇತ್ತು. ವಾಸನೆ ಬರುತ್ತಿದ್ದದ್ದು ಕ್ಯಾನಿನಿಂದ. ಮುಖಂಡ ಶೆಡ್ಡಿನಲ್ಲಿದ್ದಷ್ಟು ದಿನ ಅದರ ಪಕ್ಕದಲ್ಲೇ ನೇತಾಡಿ ವಾಸನೆ ಹೀರಿದ ಕ್ಯಾನು ಅಲ್ಲವೇ.

ಹೆಡ್‌ಮೇಷ್ಟ್ರು ಮುಂದಿನ ಸಾಲಿನಲ್ಲಿದ್ದರು. ಒಂದು ಗುಟುಕು ಕುಡಿದು, ಮುಖವನ್ನು ಕಷ್ಟಪಟ್ಟು ನೆಟ್ಟಗಿಟ್ಟುಕೊಂಡು, ಇದೇ ಅಸಲಿ ಎಂದರು. ಈ ಘಮ ಪ್ಯಾಕೆಟ್ಟಿನಲ್ಲಿ ಎಲ್ಲಿ ಬರಬೇಕು ಎಂದರು. ಅಪ್ಪನ ಕಚೇರಿಯವರೆಲ್ಲ ಹೌದು ಹೌದು ಎಂದರು. ಒಬ್ಬರು ಇದು ಮೊಣಕಾಲು ನೋವಿಗೆ ಒಳ್ಳೆಯದಂತೆ ಎಂದರು. ಅಪ್ಪ ನನ್ನ ಕಡೆ ನೋಡಲಿಲ್ಲ. ಕಿವಿ ಕೆಂಪಾಗಿದ್ದವು.

ಹೆಡ್‌ಮೇಷ್ಟ್ರು ನನ್ನನ್ನು ಹತ್ತಿರ ಕರೆದರು. ದೊಡ್ಡ ಮನಸ್ಸು ಮಾಡಿದವರ ಹಾಗೆ ನಕ್ಕರು.

"ಏನಮ್ಮ ಕಡ್ಡಿ, ನೀನೇ ಕರೆದಿದ್ದಾ ಇದು?"

ಇಷ್ಟು ದಿನ ಯಾರೂ ಕೇಳದಿರಲಿ ಎಂದುಕೊಂಡಿದ್ದೆ. ಕೇಳಿಬಿಟ್ಟರು. ಒಳಗೆ ಇರುವುದನ್ನು ಇಲ್ಲಿ ಬರೆಯಬೇಕಲ್ಲ: ಹೌದು ಅಂದುಬಿಡು ಎಂದು ಒಂದು ಕ್ಷಣ ಅನ್ನಿಸಿತು. ಹೌದು ಅಂದರೆ ನಾಳೆಯೂ ಸಮೃದ್ಧಿ ಇರುತ್ತಾಳೆ, ತೃಪ್ತಿ ಇರುತ್ತಾಳೆ, ಶಾಲೆ ಇರುವುದಿಲ್ಲ. ಆದರೆ ಮುಷ್ಟಿಯಲ್ಲಿ ಪ್ರಗತಿಯ ಬಾಯಿಂದ ತೆಗೆದ ಪ್ಲಾಸ್ಟಿಕ್ಕಿತ್ತು.

"ಇಲ್ಲ ಸರ್. ಇದು ಅಂಗಡಿ ಹಾಲು. ನಾನು ಕರೆದಿದ್ದು ಒಳಗಿದೆ" ಎಂದೆ.

ಒಳಗೆ ಹೋಗಿ ಸ್ಟೀಲ್ ಪಾತ್ರೆ ತಂದು ಎಲ್ಲರಿಗೂ ಬೇರೆ ಲೋಟಗಳಲ್ಲಿ ಕೊಟ್ಟೆ. ಕುಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಣಕಾಲು ನೋವಿನವರು, ಇದರಲ್ಲಿ ಏನೂ ವಾಸನೆಯೇ ಇಲ್ಲವಲ್ಲ, ಇದೇ ಪ್ಯಾಕೆಟ್ಟಿನದ್ದು ಎಂದರು. ಅಪ್ಪನ ಹಳೆಯ ಸಾಹೇಬರೂ ಅದನ್ನೇ ಹೇಳಿದರು. ಎಲ್ಲರಿಗೂ ಬಹಳ ಸಮಾಧಾನವಾಯಿತು. ನಾರುವುದನ್ನು ಹೊಗಳಿದ್ದು ವ್ಯರ್ಥವಾಗಲಿಲ್ಲ.

ಹೆಡ್‌ಮೇಷ್ಟ್ರು ಲೋಟ ಕೆಳಗಿಟ್ಟು ಅಪ್ಪನ ಕಡೆ ತಿರುಗಿದರು.

"ನೋಡಿ, ನಾನು ಅವತ್ತೇ ಹೇಳಿದ್ದೆ. ಈ ಹುಡುಗಿಗೆ ಸತ್ಯ ಬೇಕಾಗಿಲ್ಲ, ನಾಲ್ಕು ಜನರ ಮುಂದೆ ಹಿರಿಯರ ಮಾನ ಕಳೀಬೇಕು ಅಷ್ಟೆ. ಅವತ್ತು ನನ್ನದು, ಇವತ್ತು ನಿಮ್ಮದು. ಸುಳ್ಳು ಹೇಳೋದೇ ಅಭ್ಯಾಸ ಆಗಿದೆ."

ನನ್ನನ್ನು ಯಾರೂ ಇವತ್ತಿನ ತನಕ ಸುಳ್ಳುಗಾತಿ ಅಂದಿರಲಿಲ್ಲ. ಯಾವ ಹಾಲು ನಮ್ಮದೆಂದು ಅಮ್ಮ, ಅಜ್ಜಿ ಇಬ್ಬರಿಗೂ ಗೊತ್ತಿತ್ತು. ಅವರು ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡುತ್ತಿದ್ದರು. ಅಪ್ಪ ಕ್ಯಾನು ಹಿಡಿದುಕೊಂಡೇ ನಿಂತಿದ್ದರು. ಸುಮ್ಮನಿದ್ದಿದ್ದರೆ ಅಪ್ಪನ ಗಂಟೇನೂ ಹೋಗುತ್ತಿರಲಿಲ್ಲ.

ಅಪ್ಪ ಕ್ಯಾನು ಕೆಳಗಿಟ್ಟು, ಸ್ಟೀಲ್ ಪಾತ್ರೆಯಿಂದ ಒಂದು ಲೋಟ ಬಗ್ಗಿಸಿಕೊಂಡು ಕುಡಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಪೂರ್ತಿ ಕುಡಿದರು.

"ಅವಳು ಹೇಳಿದ್ದು ನಿಜ ಸರ್" ಎಂದರು. "ನೀವು ಹೊಗಳಿದ್ದು ಅಂಗಡಿ ಹಾಲು. ಬೆಳಿಗ್ಗೆ ಹಿಂಬಾಗಿಲಿಂದ ತಂದೋನು ನಾನೇ. ದಿನಾ ಅಲ್ಲೇ ಕುಡೀತಿದ್ದೋನೂ ನಾನೇ. ನಮ್ಮ ಹಾಲು ಮೊದಲು ನಾರ್ತಿತ್ತು. ಈಗ ಇಲ್ಲ. ಸರಿ ಮಾಡಿದ್ದು ಇವಳು."

ಆಗ ಅಜ್ಜಿ ಎದ್ದು ನಿಂತು, ಇದೇ ಸಮಯ ಎಂದು, ಆಗಸ್ಟಿನ ಮೊಟ್ಟೆ ಕೂಡ ನಾನೇ ಇಟ್ಟಿದ್ದು ಎಂದಳು. ಕಚೇರಿಯವರು ತಬ್ಬಿಬ್ಬಾದರು. ಕೋಳಿ ಗೂಡಿನಲ್ಲಿ ಎಂದು ಅಮ್ಮ ವಿವರಿಸಬೇಕಾಯಿತು.

ನವೆಂಬರ್ 3, ಸೋಮವಾರ

ಮನೆ ತನ್ನ ಹಾಲಿನ ಮೇಲೆ ನಡೆದಿಲ್ಲ. ಆದ್ದರಿಂದ ಬುಧವಾರ ಶಾಲೆಗೆ ಹೋಗುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಬೇಡ ಬಿಡು ಎಂದರು. ಒಪ್ಪಂದ ಒಪ್ಪಂದವೇ ಎಂದೆ. ಆದರೆ ತಪ್ಪಾಯಿತು ಎಂದರೆ ಸುಳ್ಳಾಗುತ್ತದೆ, ಅನ್ನದಿದ್ದರೆ ಮಾತು ತಪ್ಪಿದ ಹಾಗಾಗುತ್ತದೆ. ನಿನ್ನೆಯಿಂದ ಇದೊಂದೇ ತಲೆಯಲ್ಲಿ. ಸಮೃದ್ಧಿಗೆ ಹಿಂಡಿ ಎರಡು ಸಲ ಹಾಕಿಬಿಟ್ಟೆ. ಅವಳು ಹೇಳಲಿಲ್ಲ.

ನವೆಂಬರ್ 5, ಬುಧವಾರ

ಅಪ್ಪನೂ ಬಂದರು. ಗಡ್ಡ ಬೋಳಿಸಿಕೊಂಡಿದ್ದರು.

ಹೆಡ್‌ಮೇಷ್ಟ್ರ ಕೋಣೆಯಲ್ಲಿ ಅದೇ ಮೇಜು, ಅದೇ ಗಾಜಿನ ಕಪಾಟು. ಅವರು ತಲೆ ಎತ್ತದೆ, ಸರಿ, ಹೇಳು ಎಂದರು. ನಾನು ಬಾಯಿ ತೆರೆದೆ. ಏನು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಪ್ಪ ನನ್ನ ಕಡೆ ತಿರುಗಿದರು. ಹೆಡ್‌ಮೇಷ್ಟ್ರ ಕಡೆಗಲ್ಲ, ನನ್ನ ಕಡೆ.

"ಅವತ್ತು ನೀನು ನಿಜ ಹೇಳಿ ಮನೆಗೆ ಬಂದಿದ್ದೆ. ನಾನು ಬೈದೆ. ತಪ್ಪಾಯ್ತಮ್ಮ" ಎಂದರು.

ಹೆಡ್‌ಮೇಷ್ಟ್ರು ಸ್ವಲ್ಪ ಹೊತ್ತು ಪೆನ್ನು ಆಡಿಸಿದರು. ಯಾರು ಯಾರಿಗೆ ಹೇಳಿದರು ಎಂಬ ಅಂಕಣ ಅವರ ಪುಸ್ತಕದಲ್ಲಿ ಇರಲಿಲ್ಲ ಅನ್ನಿಸುತ್ತದೆ. ಕೋಣೆಯಲ್ಲಿ ಆ ಮಾತು ಕೇಳಿಬಂದದ್ದಂತೂ ನಿಜ. ಬರೆದುಕೊಂಡು ಸಹಿ ಹಾಕಿದರು. ನಾಳೆಯಿಂದ ಬಾ ಎಂದರು. ಬೆಳಿಗ್ಗೆ ಕರೆಯುವುದು ಮುಗಿಸಿ ಬರಬೇಕು, ಮೊದಲ ಪೀರಿಯಡ್ಡಿಗೆ ಕೆಲವು ದಿನ ತಡವಾಗುತ್ತದೆ ಎಂದೆ. ಯಾಕೆ, ಇನ್ನೇನಾದರೂ ನೆಪ ಹೇಳಬಾರದೇ ಎಂದರು. ಇದೇ ಕಾರಣ ಎಂದೆ.

ಹೊರಗೆ ಬರುವಾಗ ಪ್ರಯೋಗಶಾಲೆಯ ಕಿಟಕಿಯಲ್ಲಿ ಇಣುಕಿದೆ. ಕಪಾಟು ಖಾಲಿ. ಎರಡು ಪಾತ್ರೆ, ಒಂದಿಷ್ಟು ಹಾಲು, ಒಂದು ಹೋತ ಇದ್ದರೆ ಅಲ್ಲಿ ಏನಾದರೂ ಮಾಡಬಹುದು.

ನವೆಂಬರ್ 8, ಶನಿವಾರ

ಬರೆಯಲು ಪುರುಸೊತ್ತಿಲ್ಲ. ಗಣಿತ ಬಹಳ ಬಾಕಿ ಇದೆ, ಗಂಡುಮರಿಗೆ ಭೇದಿ.

ಅಂಗಡಿಯಣ್ಣ ಸಿಕ್ಕಿದ್ದ. ನಿಮ್ಮನೆಯವರು ಸತ್ಯ ಹೇಳಲು ಶುರುಮಾಡಿ ನನ್ನ ಹೊಟ್ಟೆಗೆ ಹೊಡೆದರು ಎಂದ. ಅಮ್ಮ ಅವನಿಗೆ ಒಂದು ಲೋಟ ಹಾಲು ಕಳಿಸಿದಳು.

ಸಂಜೆ ನಾನು ಮಣೆ ಹಾಕುವ ಹೊತ್ತಿಗೆ ಅಪ್ಪ ಶೆಡ್ಡಿನಲ್ಲಿ ತೋಳು ಮಡಚಿಕೊಂಡು ನಿಂತಿದ್ದರು. ಶಾಲೆಯ ದಿನಗಳಲ್ಲಿ ಬೆಳಗಿನದ್ದು ನಾನು ಕರೆಯುತ್ತೇನೆ, ತೋರಿಸು ಎಂದರು. ತೋರಿಸಿದೆ. ಕೂತರು. ಸಮೃದ್ಧಿ ಒಂದು ಸಲ ಹಿಂತಿರುಗಿ ನೋಡಿ, ನನ್ನನ್ನು ನೋಡಿ, ಪಾತ್ರೆ ಒದ್ದಳು. ಕನ್ನಡಕವನ್ನು ಮೊದಲೇ ತೆಗೆದಿಟ್ಟಿದ್ದರು. ಎರಡನೆಯ ಸಲ ಪಾತ್ರೆಯ ತಳ ಮುಚ್ಚುವಷ್ಟು ಹಾಲು ಬಂತು, ಅದರಲ್ಲಿ ಒಂದಿಷ್ಟು ಹುಲ್ಲು, ಒಂದು ಹಿಕ್ಕೆ.

ಹೇಗಿದೆ ಎಂದು ನನ್ನನ್ನು ಕೇಳಿದರು.

ಚೆನ್ನಾಗಿಲ್ಲ ಎಂದೆ.

ಸರಿ ಎಂದು, ಪಾತ್ರೆ ತೊಳೆದುಕೊಂಡು ಬಂದು ಮತ್ತೆ ಕೂತರು.